ಅಂಚು ಕಟ್ಟದ ಕೌದಿ

"ಕೌದೀನಾ? ಶನಿವಾರಕ್ಕಾ?"

ಹೊಲಿಗೆ ಮಷೀನಿನ ಪೆಡಲ್ ಮೇಲಿದ್ದ ಅಪ್ಪನ ಕಾಲು ಗಕ್ಕನೆ ನಿಂತಿತು.

"ಹೂಂ. ಸ್ಕೂಲಲ್ಲಿ ಎಕ್ಸಿಬಿಷನ್. ಎಲ್ಲರೂ ಏನಾದ್ರೂ ಮಾಡಿ ತರಬೇಕು. ನಾನು ಕೌದಿ ತರ್ತೀನಿ ಅಂದ್ಬಿಟ್ಟೆ."

"ಕೌದಿ ಅಂದ್ರೆ ಏನು ಪೇಪರ್ ದೋಣಿ ಅಂದ್ಕೊಂಡ್ಯಾ, ಬಾಬಿನ್?"

ಅಪ್ಪ ಮಗಳನ್ನು ಬಾಬಿನ್ ಎಂದೇ ಕರೆಯುತ್ತಿದ್ದರು. ಮಷೀನಿನೊಳಗೆ ದಾರ ಸುತ್ತಿಕೊಂಡು ಗಿರಗಿರ ತಿರುಗುವ ಪುಟ್ಟ ಬಾಬಿನ್‌ನಂತೆ ಅವಳೂ ಒಂದು ಕಡೆ ನಿಂತವಳೇ ಅಲ್ಲ.

ಇದಕ್ಕೆಲ್ಲ ಕಾರಣ ಮೈಕ್. ಮೈಕ್ ಎಂದರೆ ಅವಳ ಕ್ಲಾಸಿನ ಹುಡುಗ. ಅವನು ಗುಟ್ಟು ಹೇಳಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತದೆ. ತಾನು ರಟ್ಟಿನ ರೈಲು ತರುತ್ತೇನೆಂದು ಅವನು ಜಂಬ ಕೊಚ್ಚಿದ. ಬಾಬಿನ್ ಸುಮ್ಮನಿರಬಹುದಿತ್ತು. ಇರಲಿಲ್ಲ. "ನಾನು ಇಡೀ ಕೌದಿ ತರ್ತೀನಿ!" ಎಂದುಬಿಟ್ಟಳು.

"ಬರೀ ಬುರುಡೆ!" ಎಂದ ಮೈಕ್. ಅದು ಸ್ಕೂಲಿಗೆಲ್ಲ ಕೇಳಿಸಿತು.

"ನೋಡಮ್ಮ," ಎಂದರು ಅಪ್ಪ, "ಶುಕ್ರವಾರದೊಳಗೆ ಹಾಸ್ಟೆಲ್‌ನವರಿಗೆ ಆರು ಕೌದಿ ಕೊಡಬೇಕು. ಮಷೀನು ಒಂದು ನಿಮಿಷವೂ ಖಾಲಿ ಇರಲ್ಲ."

ಬಾಬಿನ್ ಮುಖ ಊದಿಸಿಕೊಂಡು ಅಲ್ಲೇ ಕೂತಳು. ಅಪ್ಪ ಮತ್ತೆ ಪೆಡಲ್ ತುಳಿಯತೊಡಗಿದರು.

ಆ ಹಳೆಯ ಮಷೀನಿಗೆ ಒಂದು ಕೆಟ್ಟ ಚಾಳಿಯಿತ್ತು. ಹೊಲಿಗೆ ಶುರುವಾಗುವಾಗ ದಾರವನ್ನು ಒಳಗೆಳೆದುಕೊಂಡು ಗಂಟು ಹಾಕಿಬಿಡುತ್ತಿತ್ತು. ಅದಕ್ಕೇ ಅಪ್ಪ ಮೊದಲು ಒಂದು ಚಿಂದಿಯ ಮೇಲೆ ಸ್ವಲ್ಪ ಹೊಲಿದು, ಅದರ ಬೆನ್ನಿಗೇ ಕೌದಿಯ ಬಟ್ಟೆಯನ್ನು ಸೂಜಿಯಡಿ ತಳ್ಳುತ್ತಿದ್ದರು. ಗಂಟು ಬಿದ್ದರೆ ಚಿಂದಿಗೆ ಬೀಳಲಿ, ಕೌದಿಗೆ ಬೇಡ. ಸಂಜೆ ಹೊತ್ತಿಗೆ ಚಿಂದಿ ದಾರ ತುಂಬಿ ದಪ್ಪಗಾಗಿ ಕಸದ ಬುಟ್ಟಿ ಸೇರುತ್ತಿತ್ತು.

ಬಾಬಿನ್ ಆ ಚಿಂದಿಯನ್ನು ನೋಡಿದಳು. ನೆಲದ ಮೇಲೆ ಬಿದ್ದಿದ್ದ ಚೂರು ಬಟ್ಟೆಗಳನ್ನೂ ನೋಡಿದಳು. ಒಂದೂ ಅಂಗೈಗಿಂತ ದೊಡ್ಡದಿರಲಿಲ್ಲ.

"ಅಪ್ಪಾ, ಚಿಂದಿ ಬದಲು ನಾನು ಎರಡು ಚೂರು ಜೋಡಿಸಿ ಕೊಟ್ರೆ? ಹೇಗಿದ್ರೂ ಅಲ್ಲಿ ಹೊಲಿಗೆ ಹಾಕ್ತೀರಲ್ಲ! ಗಂಟು ಬಿದ್ರೆ ನಾನೇ ಬಿಡಿಸ್ಕೋತೀನಿ."

ಅಪ್ಪ ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದರು. "ಇಷ್ಟು ವರ್ಷ ನನಗ್ಯಾಕೆ ಇದು ಹೊಳೀಲಿಲ್ಲ? ಸರಿ, ಆದ್ರೆ ಒಂದು ಕಂಡೀಷನ್. ನನ್ನದೊಂದು ಹೊಲಿಗೆ ಆದ ಮೇಲೆ ನಿನ್ನದೊಂದು."

ಆಮೇಲೆ ನೋಡಬೇಕಿತ್ತು ಅವಳ ಸಡಗರ! ರಟ್ಟಿನ ಅಳತೆ ಇಟ್ಟು ಎರಡೆರಡು ಇಂಚಿನ ಚೌಕ ಕತ್ತರಿಸಿದಳು. ಹಳದಿಯ ಪಕ್ಕ ನೀಲಿ, ಚುಕ್ಕೆಯ ಪಕ್ಕ ಗೆರೆ. ಎರಡೆರಡು ಸೇರಿ ನಾಲ್ಕಾದವು, ನಾಲ್ಕು ನಾಲ್ಕು ಸೇರಿ ಎಂಟಾದವು. ದಾರ ಕತ್ತರಿಸು ಎಂದರೆ ಆಟಕ್ಕೆ ಓಡುತ್ತಿದ್ದವಳು ಈಗ ಅಪ್ಪನಿಗೆ ನೀರು ಕುಡಿಯಲೂ ಬಿಡಲೊಲ್ಲಳು. ಅಪ್ಪನ ಹೊಲಿಗೆ ಮುಗಿದರೆ ತಾನೇ ಅವಳ ಸರದಿ?

ಬಸ್ ಓಡಿಸುವ ಅಮ್ಮ ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ನಕ್ಕರು. "ಈ ಅಂಗಡಿಗೆ ಈಗ ಓನರ್ ಯಾರು?"

ಬುಧವಾರ ಬಾಬಿನ್ ತನ್ನ ಕೌದಿಯನ್ನು ಹಾಸಿ ನೋಡಿದಳು. ಅವಳ ನೋಟ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ. ಶನಿವಾರಕ್ಕೆ ಇನ್ನು ಮೂರೇ ದಿನ.

ಅಷ್ಟರಲ್ಲಿ ಅಪ್ಪನಿಗೆ ಫೋನ್ ಬಂತು. ಅವರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಕೈಗೆ ಸಿಕ್ಕಿದ್ದನ್ನು ಹೊಲಿಯುತ್ತಾ ಮಾತಾಡತೊಡಗಿದರು. ಬಾಬಿನ್ ಒಂದು ಜೋಡಿ ಕೊಟ್ಟಳು. ಸದ್ದಿಲ್ಲದೆ ಇನ್ನೊಂದು. ಮತ್ತೊಂದು. ಮಾತು ಮುಗಿಯಲೇ ಇಲ್ಲ, ಅವಳೂ ನಿಲ್ಲಿಸಲಿಲ್ಲ.

"ಅರೆ, ನನ್ನ ಕೌದಿ ಎಲ್ಲೇ?" ಎಂದರು ಅಪ್ಪ ಫೋನ್ ಇಟ್ಟು. "ಅರ್ಧ ಗಂಟೆಯಿಂದ ನಿನ್ನದನ್ನೇ ಹೊಲೀತಿದೀನಾ? ಕಳ್ಳಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಅಪ್ಪ ಬಗ್ಗಿ ಮಂಡಿ ನೀವಿಕೊಂಡರು. ಗಡಿಯಾರ ನೋಡಿ ಮತ್ತೆ ಪೆಡಲ್ ತುಳಿದರು. ಅಮ್ಮ ಮೂರು ಸಲ ಕೂಗಿದರೂ ಊಟಕ್ಕೆ ಏಳಲಿಲ್ಲ.

ಬಾಬಿನ್ ತಟ್ಟೆಯ ಮುಂದೆ ಕೂತು ಮಷೀನಿನ ಸದ್ದನ್ನೇ ಕೇಳುತ್ತಿದ್ದಳು. ಆ ಅರ್ಧ ಗಂಟೆಯನ್ನು ತಾನೇ ಕದ್ದಿದ್ದು ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಅಪ್ಪನ ಒಂದು ಹೊಲಿಗೆಗೆ ಅವಳದೊಂದೇ ಜೋಡಿ. ಯಾರೂ ಹೇಳದೆಯೇ ದಾರ ಕತ್ತರಿಸಿದಳು, ಹಾಸ್ಟೆಲ್ ಕೌದಿಯ ಬಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟಳು.

ಶುಕ್ರವಾರ ಸಂಜೆ ಆರೂ ಕೌದಿಗಳು ಹಾಸ್ಟೆಲ್‌ಗೆ ಹೊರಟವು. ಬಾಬಿನ್‌ದು ಮಂಚದ ಮೇಲೆ ಉಳಿಯಿತು. ಎಂಬತ್ತು ಚೌಕಗಳಿದ್ದವು, ಆದರೂ ಒಂದು ದಿಂಬು ಮುಚ್ಚುವಷ್ಟೇ.

"ಈಗ ಮಷೀನು ಖಾಲಿ," ಎಂದರು ಅಪ್ಪ ಮಂಡಿ ನೀವಿಕೊಳ್ಳುತ್ತಾ. "ಇನ್ನು ನಾಲ್ಕು ಸಾಲು ಸೇರಿಸಿ, ಸುತ್ತ ಅಂಚು ಕಟ್ಟಿ ಮುಗಿಸಿಬಿಡೋಣ. ಬಾ."

ಬಾಬಿನ್ ಬಾಯಿ ತೆರೆದಳು. 'ಹೂಂ' ನಾಲಿಗೆ ತುದಿಯಲ್ಲೇ ಇತ್ತು. ಅವಳು ಅಪ್ಪನ ಕಾಲನ್ನೊಮ್ಮೆ ನೋಡಿದಳು, ಕೌದಿಯನ್ನೊಮ್ಮೆ ನೋಡಿದಳು.

"ಬೇಡಪ್ಪಾ. ಅಂಚು ಕಟ್ಟಿದ್ರೆ ಆಮೇಲೆ ಸೇರಿಸೋಕಾಗಲ್ಲ."

"ಮತ್ತೆ ನಾಳೆಗೆ?"

"ನಾಳೆಗೆ ಇಷ್ಟೇ. ಸೋಮವಾರ ಹೊಸ ಆರ್ಡರ್ ಶುರು ಮಾಡ್ತೀರಲ್ಲ? ಆಗ ಇದಕ್ಕೂ ಒಂದೊಂದು ಜೋಡಿ."

ಅಪ್ಪ ಅವಳ ತಲೆಗೂದಲಿಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದರು.

ಶನಿವಾರ ಮೈಕ್ ತನ್ನ ರೈಲನ್ನು ಬಿಟ್ಟು ಮೊದಲು ಬಂದಿದ್ದೇ ಅವಳ ಟೇಬಲ್ಲಿಗೆ.

"ಇದೇನಾ ಕೌದಿ? ನನ್ನ ಒಂದು ಕಾಲಿಗೂ ಸಾಲಲ್ಲ!"

ಸುತ್ತ ಇದ್ದವರೆಲ್ಲ ನಕ್ಕರು. ಬಾಬಿನ್ ಬೆರಳು ಕೌದಿಯ ಅಂಚಿನ ಮೇಲೆ ಓಡಿತು. ಅಲ್ಲಿ ಹೊಲಿಗೆಯಿರಲಿಲ್ಲ, ದಾರದ ಎಳೆಗಳು ಬಿಚ್ಚಿಕೊಂಡಿದ್ದವು.

"ಇದಿನ್ನೂ ಮುಗಿದಿಲ್ಲ ಕಣೋ," ಎಂದಳು.

ಕಳೆದ ಸೋಮವಾರ, ಕೌದಿ ಶುರುವಾದ ದಿನ, ಇದೇ ಮಾತು ಹೇಳಬೇಕಾಗಿದ್ದರೆ ಅತ್ತೇಬಿಡುತ್ತಿದ್ದಳು. ಈಗ ಹೇಳುವಾಗ ಅವಳಿಗೆ ಖುಷಿಯಾಯಿತು.