ಮುಕ್ಕಾಲು ಲೋಟ ನೀರು

ಡ್ಯಾಶ್‌ಬೋರ್ಡ್ ಮೇಲಿದ್ದ ಸ್ಟೀಲ್ ಲೋಟ ಉರುಳಿತು. ನೀರೆಲ್ಲ ಅವನ ತೊಡೆಯ ಮೇಲೆ!

“ಏನ್ರೀ ಇದು!” ಅವನು ಎಗರಿದ. ಸೀಟ್ ಬೆಲ್ಟ್ ಹಿಡಿದು ಕೂರಿಸಿತು.

ಕೊಳ್ಳುವ ಮುಂಚೆ ಓಡಿಸಿ ನೋಡುತ್ತಿದ್ದ ಅವಳು ಅವನ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಕ್ಷಮೆ ಕೇಳಲಿಲ್ಲ.

“ಈ ಕಾರಿಗೆ ಚಿಪ್ ಹಾಕ್ಸಿದೀರ.”

“ಚಿಪ್ಪಾ? ಎಂಥದು?”

“ನಾಟಕ ಬೇಡ. ಇಂಜಿನ್ನಿನ ಕಂಪ್ಯೂಟರ್‌ಗೆ ಚಾಡಿ ಹೇಳೋ ಸಾಮಾನು. ಡೀಸೆಲ್ ಸಾಲ್ತಿಲ್ಲ ಅಂತ ಅದು ಸುಳ್ಳು ಹೇಳುತ್ತೆ, ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತೆ. ಆಮೇಲೆ ಕಾಲು ತಾಗಿಸಿದ್ರೆ ಸಾಕು, ಕಾರು ಕಪ್ಪೆ ಥರ ಹಾರುತ್ತೆ.”

“ನಾನೇ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ರೀ. ಏನೂ ಹಾಕ್ಸಿಲ್ಲ.” ಅವನು ಪ್ಯಾಂಟ್ ಒರೆಸಿಕೊಳ್ಳುತ್ತಾ ಮೆಲ್ಲಗೆ ಸೇರಿಸಿದ, “ನಿಮ್ಮ ಕಾಲೇ ಸ್ವಲ್ಪ ಭಾರ ಇರಬಹುದಲ್ವಾ?”

ಅವಳು ಅವನನ್ನೇ ದಿಟ್ಟಿಸಿದಳು. ಡ್ರೈವಿಂಗ್ ಸ್ಕೂಲಿನ ಟೀಚರಿಗೆ... ಕಾಲು ಭಾರ!

ಊರಿಗೆಲ್ಲ ಅವಳು ಬ್ರೇಕ್ ಮೇಡಂ. ಕಲಿಸುವ ಕಾರಿನಲ್ಲಿ ಅವಳ ಕಾಲಡಿಗೂ ಒಂದು ಬ್ರೇಕ್ ಇರುತ್ತಿತ್ತು. ಆದರೆ ಅವಳು ಅದನ್ನು ಒತ್ತುವುದು ಅಪರೂಪ. ಮುಕ್ಕಾಲು ಲೋಟ ನೀರು ತುಂಬಿ ಮುಂದಿಡುತ್ತಿದ್ದಳು, ಅಷ್ಟೇ. ಅದು ಚೆಲ್ಲದ ದಿನ ಪಾಠ ಮುಗಿಯಿತು ಎಂದು ಲೆಕ್ಕ.

ಇಲ್ಲಿ ಪ್ರೇಮದ ಲಕ್ಷಣ ಒಂದೂ ಇರಲಿಲ್ಲ. ಒದ್ದೆ ಪ್ಯಾಂಟಿನ ಗಂಡಸನ್ನು ಕಂಡು ಯಾರ ಎದೆಯೂ ಝಲ್ಲೆನ್ನುವುದಿಲ್ಲ.

ಆದರೂ ಅವಳಿಗೆ ಆ ಕಾರು ಬೇಕಿತ್ತು. ಹಳೆಯ ಕಾರು ಗುಜರಿಗೆ ಹೋಗಿತ್ತು. ಸ್ಕೂಲಿನ ಬೆಂಚಿನ ಮೇಲೆ ಕಲಿಯುವವರು ಕಾದು ಕೂತಿದ್ದರು. ಇನ್ನೂ ತಡವಾದರೆ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ, ಸ್ಕೂಲಿಗೆ ಬೀಗ ಬೀಳುತ್ತದೆ. ಈ ಕಾರಿನ ಟೈರ್, ಕ್ಲಚ್, ಸ್ಟೀರಿಂಗ್ ಎಲ್ಲವೂ ಚೆನ್ನಾಗಿದ್ದವು. ಆ ನೆಗೆತ ಒಂದನ್ನು ಬಿಟ್ಟು...

“ಸ್ಕ್ಯಾನ್ ಮಾಡಿಸೋಣ,” ಎಂದಳು.

“ಮಾಡಿಸಿ. ಎಲ್ಲಿ ಬೇಕಾದ್ರೂ ಮಾಡಿಸಿ!”

ಮೊದಲ ಗ್ಯಾರೇಜಿನಲ್ಲಿ ಸ್ಕ್ಯಾನರ್ ಕೆಟ್ಟಿತ್ತು. ಎರಡನೆಯದರಲ್ಲಿ ಸ್ಕ್ಯಾನರ್ ಇತ್ತು, ಅದರ ವೈರನ್ನು ಯಾರೋ ಒಯ್ದಿದ್ದರು. ಮೂರನೆಯದರಲ್ಲಿ ಎರಡೂ ಇದ್ದವು, ಕರೆಂಟ್ ಇರಲಿಲ್ಲ!

“ಈಗ ಬರುತ್ತೆ ಅಕ್ಕಾ,” ಎಂದ ಎಲೆಕ್ಟ್ರಿಷಿಯನ್, ಊಟದ ಡಬ್ಬಿ ಬಿಚ್ಚುತ್ತಾ.

ಹಳೆಯ ಟೈರುಗಳ ಮೇಲೆ ಇಬ್ಬರೂ ಕುಳಿತರು. ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಜಾರುವ ಕನ್ನಡಕವನ್ನು ಮೇಲೇರಿಸಿದಳು. ಮತ್ತೆ ಜಾರಿತು. ಮತ್ತೆ ಏರಿಸಿದಳು.

“ಕೊಡಿ ಇಲ್ಲಿ. ಬೆಳಗ್ಗಿಂದ ನೋಡ್ತಿದೀನಿ, ತಡ್ಕೊಳ್ಳೋಕಾಗ್ತಿಲ್ಲ.”

ಅವನಿಗೆ ಕನ್ನಡಕದ ಅಂಗಡಿ ಇತ್ತು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದ. ಕನ್ನಡಕವಿಲ್ಲದೆ ಅವಳಿಗೆ ಅವನ ಮುಖ ಮಸುಕಾಯಿತು, ದನಿ ಮಾತ್ರ ಉಳಿಯಿತು.

“ಒಂದು ಕಾರಿಗೆ ಇಷ್ಟು ಜಗಳ ಯಾಕ್ರೀ?”

ಕಾಣದ ಮುಖಕ್ಕೆ ನಿಜ ಹೇಳುವುದು ಸುಲಭವೇನೋ. ಹೇಳಿಬಿಟ್ಟಳು. ಹಿಂದೊಮ್ಮೆ ಹೀಗೇ ಒಬ್ಬನ ಸಿಹಿ ಮಾತು ನಂಬಿ ಕಾರು ಕೊಂಡಿದ್ದು, ಅದರಲ್ಲೂ ಚಿಪ್ ಇದ್ದದ್ದು. ರಿಟೈರಾದ ಹೆಡ್‌ಮಿಸ್ ಒಬ್ಬರು ಆಸೆಯಿಂದ ಕಲಿಯಲು ಬಂದಿದ್ದರು. ಕಾರು ನೆಗೆದು ಗೋಡೆಗೆ ಹೊಡೆಯಿತು. ಅವರ ಮಣಿಕಟ್ಟು ಮುರಿಯಿತು.

“ಕೈ ಕೂಡಿಕೊಳ್ತು. ಆದ್ರೆ ಅವರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ‘ನನ್ನದೇ ತಪ್ಪಮ್ಮ, ನನಗೆ ವಯಸ್ಸಾಯ್ತು’ ಅಂದ್ರು... ಅವರ ತಪ್ಪಲ್ಲ!”

ಅವನು ಸ್ಕ್ರೂ ಬಿಗಿ ಮಾಡಿ ಮುಗಿಸಿದ. ಕನ್ನಡಕವನ್ನು ತಾನೇ ಅವಳ ಕಿವಿಗಳಿಗೆ ಸಿಕ್ಕಿಸಿದ. ಪ್ರಪಂಚ ಸ್ಪಷ್ಟವಾಯಿತು. ಅದರ ಮಧ್ಯದಲ್ಲಿ ಅವನಿದ್ದ, ತೀರಾ ಹತ್ತಿರ.

*ಇವನು ಸುಳ್ಳುಗಾರ ಆಗದೇ ಇರಲಿ...* ಅವಳ ಮನಸ್ಸು ತಾನಾಗಿ ಬೇಡಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕರೆಂಟ್ ಬಂತು. ಸ್ಕ್ಯಾನರ್ ಹಸಿರು ತೋರಿಸಿತು.

“ಕಾರು ಅಪ್ಪಟ ಚಿನ್ನ ಅಕ್ಕಾ! ಏನೂ ಇಲ್ಲ.”

“ವೈರುಗಳನ್ನ ಒಂದೊಂದಾಗಿ ಬಿಚ್ಚಿ ನೋಡಿ.”

“ಅರ್ಧ ದಿನದ ಕೆಲಸ. ಸಾಹೇಬ್ರು ಒಪ್ಪಬೇಕು.”

‘ಸಾಹೇಬ್ರು’ ಬೆವರಿ, ಹಸಿದು, ಬೇಸತ್ತಿದ್ದ. “ಸಾಕು ರೀ! ಮೆಷಿನ್ನೇ ಇಲ್ಲ ಅಂದ್ಮೇಲೆ ಇನ್ನೇನು? ನಿಮಗೆ ಬೇಕಾಗಿರೋದು ಕಾರಲ್ಲ... ಕಳ್ಳ!”

ಅವಳ ಕಿವಿಯ ಹಿಂದೆ ಅವನ ಬೆರಳು ತಾಗಿದ ಜಾಗ ಉರಿಯಿತು. *ಕನ್ನಡಕ ರಿಪೇರಿಯೂ ವ್ಯಾಪಾರವೇ!*

“ಇಟ್ಕೊಳ್ಳಿ ನಿಮ್ಮ ಚಿನ್ನನ!” ಎಂದು ನಡೆದುಬಿಟ್ಟಳು. ಲೋಟ ಕಾರಿನಲ್ಲೇ ಉಳಿಯಿತು.

ಆ ವಾರವೆಲ್ಲ ಅವಳು ಮನೆಯಲ್ಲಿ ಪಾತ್ರೆ ಕುಕ್ಕಿದಳು. ಅವನ ಫೋನ್ ಬಂದಾಗಲೆಲ್ಲ ಕತ್ತರಿಸಿದಳು.

“ನೀನು ಹೋಗಿದ್ದು ಕಾರು ನೋಡೋಕೆ ತಾನೇ?” ಎಂದಳು ಅಕ್ಕ. “ಗಂಡು ನೋಡಿ ಬೇಡ ಅಂದವಳ ಥರ ಮುಖ ಮಾಡ್ಕೊಂಡಿದೀಯ.”

“ಸುಮ್ನಿರೇ!”

ಬೆರಳು ಅಭ್ಯಾಸಬಲದಿಂದ ಮೂಗಿಗೆ ಹೋಗುತ್ತಿತ್ತು. ಕನ್ನಡಕ ಜಾರಿರುತ್ತಿರಲಿಲ್ಲ. ಅದಕ್ಕೂ ಸಿಟ್ಟು! ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವಳಿಗೆ ತನ್ನ ಕಾಲಿನ ಮೇಲೇ ಅನುಮಾನ ಹುಟ್ಟಿತ್ತು. *ನಿಜವಾಗಿಯೂ ನನ್ನ ಕಾಲೇ ಭಾರವಾಗಿದ್ದರೆ? ಹೆಡ್‌ಮಿಸ್ ಕೈ ಮುರಿದದ್ದೂ ನನ್ನ ಪಾಠದಿಂದಲೇ ಆಗಿದ್ದರೆ?*

ಅತ್ತ ಅವನು ಅವಳದೇ ತಪ್ಪೆಂದು ತೋರಿಸಲು ಅದೇ ಲೋಟದಲ್ಲಿ ನೀರಿಟ್ಟು ಅಂಗಡಿಗೆ ಹೊರಟ. ಮೊದಲ ಸಿಗ್ನಲ್ಲಿನಲ್ಲೇ ಚೆಲ್ಲಿತು. ಮರುದಿನ ಬಸವನಹುಳುವಿನಂತೆ ಹೊರಟ. ಆಗಲೂ ಚೆಲ್ಲಿತು. ಒದ್ದೆ ಪ್ಯಾಂಟಿನಲ್ಲೇ ಗಿರಾಕಿಯೊಬ್ಬಳ ಕಣ್ಣು ಪರೀಕ್ಷೆಗೆ ನಿಂತ.

“ಮಂಜು ಮಂಜಾಗಿದೆ,” ಎಂದಳು ಗಿರಾಕಿ. ಮೆಷಿನ್ ಸರಿಯಿದೆ ಎನ್ನುತ್ತಿತ್ತು. ಅವನು ಎಂದಿನಂತೆ ಮೆಷಿನ್ ಬದಿಗಿಟ್ಟು ಬೇರೆ ಲೆನ್ಸ್ ಹಾಕಿದ. ಕಾಣುವುದು ಮೆಷಿನ್ನಿಗಲ್ಲ, ಕಣ್ಣಿಗೆ. ಅದು ಅವನ ಕಸುಬಿನ ಮೊದಲ ಪಾಠ.

ಲೆನ್ಸ್ ಹಿಡಿದ ಕೈ ಅಲ್ಲೇ ನಿಂತಿತು. *ಹಾಗಾದರೆ ಅವಳಿಗೆ ನಾನು ಏನು ಹೇಳಿದೆ?*

ಒಂದು ಮಧ್ಯಾಹ್ನ ಅವನ ಕಾರು ಡ್ರೈವಿಂಗ್ ಸ್ಕೂಲಿನ ಬಯಲಿಗೆ ಬಂತು. ಬೆಂಚಿನ ಹೆಂಗಸರೆಲ್ಲ ತಿರುಗಿದರು.

“ಕಾರು ಬೇಡ ಅಂದೆನಲ್ಲ!” ಎಂದಳು ಅವಳು.

“ಲೋಟ ಕೊಡೋಕೆ ಬಂದೆ.”

ಲೋಟದೊಳಗೆ ಏನೋ ಲೊಟಲೊಟ ಎಂದಿತು. ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ, ಎರಡೂ ತುದಿಯಲ್ಲಿ ವೈರು.

“ನಿಮ್ಮ ಕಳ್ಳ,” ಎಂದ. “ವೈರುಗಳನ್ನ ಒಂದೊಂದಾಗಿ ಬಿಚ್ಚಿಸಿದೆ. ಇಂಜಿನ್ ಸಂದಿಯಲ್ಲಿ, ಹಳೇ ವೈರುಗಳ ಜೊತೆ ಟೇಪ್ ಸುತ್ತಿ ಬಚ್ಚಿಟ್ಟಿದ್ರು. ಹಿಂದಿನ ಓನರ್ ಕೆಲಸ. ಸ್ಕ್ಯಾನರ್ ವಿಚಾರಿಸೋದು ಕಂಪ್ಯೂಟರ್‌ನ. ಮೋಸ ಹೋಗಿರೋದೇ ಕಂಪ್ಯೂಟರ್. ಅದೇನು ಹೇಳುತ್ತೆ ಪಾಪ!”

ಅವಳಿಗೆ ಸಂತೋಷವಾಗಬೇಕಿತ್ತು. ಅಳು ಬಂತು.

“ಒಂದು ವಾರ... ನಾನೇ ಹುಚ್ಚಿ ಅಂದ್ಕೊಂಡಿದ್ದೆ ರೀ!”

“ನಾನು ಮೂರು ವರ್ಷ ನನ್ನ ಕಾಲೇ ಸರಿ ಇಲ್ಲ ಅಂದ್ಕೊಂಡಿದ್ದೆ. ಮನೆಯಲ್ಲಿ ಎಲ್ರೂ ಅದನ್ನೇ ಹೇಳಿ ಹೇಳಿ... ಅದನ್ನೇ ನಿಮಗೂ ಅಂದುಬಿಟ್ಟೆ. ತಪ್ಪಾಯ್ತು.”

“ಸ್ಕ್ಯಾನರ್ ಪಾಸ್ ಮಾಡಿತ್ತಲ್ಲ. ಸುಮ್ನೆ ಯಾರಿಗಾದ್ರೂ ಮಾರಬಹುದಿತ್ತು.”

“ಮಾರಬಹುದಿತ್ತು. ಆ ಯಾರೋ ಒಬ್ಬರು ನಿಮ್ಮ ಹೆಡ್‌ಮಿಸ್ ಥರ ಇದ್ದಿದ್ರೆ?”

ಅವಳು ತಲೆ ತಗ್ಗಿಸಿದಳು. *ಕೇಳಿಸಿಕೊಂಡಿದ್ದಾನೆ. ಅವತ್ತು ಪ್ರತಿ ಮಾತೂ ಕೇಳಿಸಿಕೊಂಡಿದ್ದಾನೆ!*

“ಮಾತು ಮುಗೀತೇನೋ?” ಹಿಂದಿನ ಸೀಟಿನಿಂದ ಹಿರಿಯ ದನಿ ಬಂತು. “ಬಿಸಿಲಲ್ಲಿ ಬೇಯ್ತಾ ಇದೀನಿ ಇಲ್ಲಿ!”

“ಅಮ್ಮ,” ಎಂದ ಅವನು ಸಂಕೋಚದಿಂದ. “ಸಾಕ್ಷಿಗೆ ಕರ್ಕೊಂಡು ಬಂದೆ.”

“ಈ ಕಾರಲ್ಲಿ ಕೂತಾಗೆಲ್ಲ ವಾಂತಿ ಮಾಡ್ಕೊಂಡಿದೀನಮ್ಮ. ಕತ್ತೆ ಕಾಲಿನವನು ಅಂತ ಇವನನ್ನ ಬೈದಿದ್ದೇ ಬೈದಿದ್ದು. ಇವತ್ತು ನೋಡು, ತೂಕಡಿಕೆ ಬಂದುಬಿಡ್ತು!”

ಅವಳು ನಕ್ಕಳು. ಲೋಟಕ್ಕೆ ಮುಕ್ಕಾಲು ನೀರು ತುಂಬಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಅವನ ಪಕ್ಕ ಕುಳಿತಳು. “ನಡೀರಿ. ನೋಡೇಬಿಡೋಣ.”

ಹಂಪ್ ಬಂತು. ತಿರುವು ಬಂತು. ನೀರು ಅಂಚಿನವರೆಗೆ ಏರಿ ಇಳಿಯಿತು, ಅಷ್ಟೇ. ಎದುರಿಗೆ ಸೈಕಲ್ಲೊಂದು ಅಡ್ಡ ಬಂದಾಗ ಅವಳ ಕಾಲು ಬರಿಯ ನೆಲವನ್ನು ಒತ್ತಿತು.

“ಅಲ್ಲಿ ಬ್ರೇಕ್ ಇಲ್ಲ.”

“ಗೊತ್ತು. ಅಭ್ಯಾಸ.”

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, “ಕಾರು ನಿಮಗೆ ಕೊಟ್ಟಮೇಲೆ ನಿಮ್ಮನ್ನ ನೋಡೋಕೆ ಬರೋದು ಹೇಗೆ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಒಂದು ನೆಪಾನೂ ಸಿಕ್ಕಿಲ್ಲ.” ಗೇರ್ ಬದಲಿಸಿದ. “ನೆಪ ಇಲ್ಲದೇ ಬರಲಾ?”

ಲೋಟ ತೆಗೆದುಕೊಂಡಳು. ಪಾಠದ ನೀರನ್ನು ಅವಳು ಇದುವರೆಗೆ ಕುಡಿದದ್ದೇ ಇಲ್ಲ. ಅರ್ಧ ಕುಡಿದು ಲೋಟವನ್ನು ಅವನತ್ತ ಚಾಚಿದಳು.

“ಇದು ‘ಬನ್ನಿ’ ಅಂತಾನಾ?”

“ಮೊದಲು ಗಾಡಿ ನಿಲ್ಲಿಸಿ. ಓಡಿಸ್ತಾ ಕುಡಿದ್ರೆ ಚೆಲ್ಲುತ್ತೆ.”

ಕಾರು ಒಂದಿಷ್ಟೂ ಕುಲುಕದೆ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮನ ಗೊರಕೆ ತುಂಡಾಯಿತು.

“ಮನೆ ಬಂತೇನೋ?”

“ಇನ್ನೂ ಇಲ್ಲ ಅಮ್ಮಾ,” ಎಂದಳು ಅವಳು. “ಮಲ್ಕೊಳ್ಳಿ. ನಿಧಾನಕ್ಕೆ ಹೋಗೋಣ.”