ಬಲಗಡೆಯ ಸ್ಪೀಕರ್

ಡೆನ್ಮಾರ್ಕಿನ ಜಟ್ಲೆಂಡಿನ ಕಡಲ ದಂಡೆಯ ನಮ್ಮ ಪ್ರಾರ್ಥನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಅಲ್ಲಿಗೆ ಬರುವ ರೇಡಿಯೋಗಳನ್ನೆಲ್ಲ ಮೊದಲು ನಾನು ನುಡಿಸಿ ನೋಡಬೇಕು. ಆ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಥೀರಾ ಕರೆದಳು. ಗಂಡ ಎಗೋನ್ ತೀರಿಕೊಂಡು ತಿಂಗಳಾಗಿತ್ತು. ಅವನ ಮರದ ಮೈಯ ಸ್ಟೀರಿಯೋ ರೇಡಿಯೋವನ್ನು, ಅದರ ಎರಡು ಸ್ಪೀಕರುಗಳ ಸಮೇತ, ಅವಳು ಸಂತೆಗೆ ಕೊಡುವವಳಿದ್ದಳು.

"ಭಾನುವಾರ ಬಂದ್ರೆ ಸಾಕು, ಗೋಡೆ ಆಚೆಯಿಂದ ಕೀರ್ತನೆ ಕೇಳ್ತಿತ್ತು. ಎಂಥಾ ದೈವಭಕ್ತ!" ಎಂದೆ.

"ನಿನ್ನ ಕಿವಿಗೆ ಕೀರ್ತನೆ ಮಾತ್ರ ಕೇಳುತ್ತಲ್ಲ ಲಾರಿಡ್ಸ್, ಪುಣ್ಯವಂತ ಮಾರಾಯ! ನನ್ನ ಕೂಗು ನಿನಗೆ ಕೇಳಬಾರದು ಅಂತ ರೇಡಿಯೋ ಜೋರು ಮಾಡ್ತಿದ್ದ."

ತಲೆ ತಗ್ಗಿಸಿ ಎಡ ಸ್ಪೀಕರಿನ ತಂತಿಯನ್ನು ಸಿಕ್ಕಿಸಿ ಗುಂಡಿ ತಿರುಗಿಸಿದೆ. ಮಧ್ಯಾಹ್ನದ ಪ್ರಾರ್ಥನೆ ಬರುತ್ತಿತ್ತು. ಮೊದಲ ಸಾಲು ಮುಗಿದು ಹಾಡುವವರು ಉಸಿರೆಳೆದುಕೊಂಡಾಗ ಬಲಗಡೆಯ ಸ್ಪೀಕರಿನಿಂದ ಗುದ್ದಿದ ಸದ್ದು ಕೇಳಿತು. ಥೀರಾಳ ತುಟಿ ಒಡೆದು ರಕ್ತ ಇಳಿಯಿತು. ಎರಡನೆಯ ಸಾಲಿನ ಕೊನೆಗೆ ಇನ್ನೊಂದು ಗುದ್ದು. ಅವಳು ಗೋಡೆಗೆ ಅಪ್ಪಳಿಸಿ ಬಿದ್ದಳು.

"ನಿಲ್ಸೋ ಅದನ್ನ!" ಎಂದು ಚೀರಿದಳು.

ಎಡದ ತಂತಿಯನ್ನು ಕಿತ್ತೆ. ಕೀರ್ತನೆ ನಿಂತಿತು, ಗುದ್ದು ನಿಲ್ಲಲಿಲ್ಲ. ಅವಳನ್ನು ಎತ್ತಿಕೊಂಡು ಹೊಸಲು ದಾಟಿದ ಮೇಲೆಯೇ ಎಲ್ಲ ಸ್ತಬ್ಧವಾಯಿತು.

ಆಸ್ಪತ್ರೆಯಲ್ಲಿ ನೋಡಿದರೆ ಅವಳ ಎರಡು ಪಕ್ಕೆಲುಬು ಮುರಿದಿದ್ದವು. "ನೀವು ಪಕ್ಕದ ಮನೆಯವರು, ನಿಮಗೇನು ಕೇಳಿಸಿತು?" ಎಂದರು ವೈದ್ಯರು. ಈ ಸಲ ಕೇಳಿದ್ದನ್ನೆಲ್ಲ ಹೇಳಿದೆ. ಹೇಳುತ್ತ ಕೋಟಿನ ಜೇಬಿಗೆ ಕೈ ಹಾಕಿದೆ. ತಂತಿಯೇ ಇಲ್ಲದ ಬಲಗಡೆಯ ಸ್ಪೀಕರಿಗೆಂದು ನಾನು ಮನೆಯಿಂದ ತಂದಿದ್ದ ತಂತಿ, ಸುತ್ತಿದ ದಾರವೂ ಬಿಚ್ಚದೆ, ಅಲ್ಲೇ ಇತ್ತು.