ಬೊಮ್ಮಕ್ಕನ ಬಾಯಾರಿಕೆ

ಬಹಳ ಹಿಂದೆ, ಮೋಡಗಳು ವರ್ಷಕ್ಕೊಮ್ಮೆ ದಾರಿ ತಪ್ಪಿ ಬರುತ್ತಿದ್ದ ಕಾಲದಲ್ಲಿ, ಕೆಂಗಲ್ಲುಸೀಮೆ ಎಂಬ ರಾಜ್ಯವಿತ್ತು. ಅಲ್ಲಿ ಬೊಮ್ಮಕ್ಕ, ಓಬಯ್ಯ ಎಂಬ ಅಕ್ಕ ತಮ್ಮ ಇದ್ದರು. ಅವರದು ಸಸಿತೋಟ. ಒಂದೆರಡು ಸಸಿ ಕೇಳಿ ಬಂದವರಿಗೆ ಅಲ್ಲಿ ಕೆಲಸವಿಲ್ಲ. ಊರಿಗೆ ಊರೇ ಗಾಡಿ ಕಟ್ಟಿಕೊಂಡು ಬಂದು ಸಾವಿರ ಹೊಂಗೆ, ಸಾವಿರ ಬೇವು, ಸಾವಿರ ಸೀತಾಫಲ ಎಂದು ಸಗಟಾಗಿ ಒಯ್ಯುತ್ತಿತ್ತು.

ಆ ತೋಟಕ್ಕೊಂದು ಕಟ್ಟುನಿಟ್ಟು ಇತ್ತು. ಸಸಿ ಮೊಳಕಾಲೆತ್ತರ ಬೆಳೆದ ಮೇಲೂ ನೇರ ಗಾಡಿ ಹತ್ತುವಂತಿಲ್ಲ. ಇಪ್ಪತ್ತೊಂದು ದಿನ ಅದು ಚಪ್ಪರದ ನೆರಳು ಬಿಟ್ಟು ಕಲ್ಲುಹಾಸಿನ ಮೇಲೆ ಬಿಸಿಲಿನಲ್ಲಿ ನಿಲ್ಲಬೇಕು. ಮೊದಲ ವಾರ ದಿನ ಬಿಟ್ಟು ದಿನ ನೀರು. ಎರಡನೆಯ ವಾರ ಮೂರು ದಿನಕ್ಕೊಮ್ಮೆ. ಮೂರನೆಯ ವಾರ ಒಂದೇ ಒಂದು ಸಲ. ಇದಕ್ಕೆ ಅವರು ಬಾಯಾರಿಕೆ ಕಲಿಸುವುದು ಎನ್ನುತ್ತಿದ್ದರು. ಬಾಯಾರಿಕೆ ಕಲಿತ ಸಸಿ ಬೇರನ್ನು ಆಳಕ್ಕೆ ಇಳಿಸುತ್ತದೆ. ಕಲಿಯದ್ದು ಹೊಸ ಮಣ್ಣಿಗೆ ಹೋದ ವಾರಕ್ಕೇ ಸಾಯುತ್ತದೆ.

ಓಬಯ್ಯನದು ಮೆತ್ತನೆಯ ಮನಸ್ಸು. ಮಧ್ಯಾಹ್ನ ಎಲೆ ಜೋತುಬಿದ್ದರೆ ಚೆಂಬು ಹಿಡಿದು ಓಡುತ್ತಿದ್ದ. ಬೊಮ್ಮಕ್ಕ ಅವನ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದಳು.

"ಮಧ್ಯಾಹ್ನದ ಎಲೆಯನ್ನ ಕೇಳಬೇಡ, ಓಬ. ಅದು ಬಿಸಿಲಿಗೆ ನಾಟಕ ಆಡ್ತದೆ. ಬೆಳಗಿನ ಎಲೆಯನ್ನ ಕೇಳು. ಬೆಳಗ್ಗೆಯೂ ಜೋತುಬಿದ್ದಿದ್ದರೆ ಮಾತ್ರ ನೀರು."

"ನಿನಗೆ ಕರುಳೇ ಇಲ್ಲ, ಅಕ್ಕಾ."

"ಇದೆ. ಚೆಂಬು ಕೊಡು ಇಲ್ಲಿ."

ಹೀಗಿರಲು ಜಲಕಂಠನೆಂಬ ಮಾಯಾವಿ ಮಂಜಿನ ಗಾಡಿಯಲ್ಲಿ ರಾಜ್ಯಕ್ಕೆ ಬಂದ. ಅವನ ಗಾಡಿಯಲ್ಲಿದ್ದ ಸಸಿಗಳಿಗೆ ಆನೆಕಿವಿಯಂಥ ಎಲೆ, ತಟ್ಟೆಯಗಲದ ಹೂವು. "ಇವತ್ತು ನೆಡಿ, ನಾಳೆ ಹೂ ಕೊಯ್ಯಿರಿ. ಬೆಲೆ ಏನೂ ಬೇಡ. ನೀರು ಮಾತ್ರ ಧಾರಾಳವಾಗಿ ಹುಯ್ಯಿರಿ" ಎಂದ. ದೊರೆ ಹಿರೇಭೂಪ ಮೊದಲು ಅರಮನೆಯ ಅಂಗಳದಲ್ಲಿ ನೆಟ್ಟ. ದೊರೆ ನೆಟ್ಟದ್ದನ್ನು ಊರೂ ನೆಟ್ಟಿತು. ತಿಂಗಳೊಳಗೆ ರಾಜ್ಯ ಹಸಿರಾಯಿತು, ಬಾವಿಗಳು ಕೆಳಗಿಳಿದವು. ಆ ಗಿಡಗಳು ಕುಡಿದ ನೀರೆಲ್ಲ ನೆಲದಡಿಯಲ್ಲಿ ಹರಿದು ಜಲಕಂಠನ ಗಂಟಲಿಗೆ ಹೋಗುತ್ತಿತ್ತು. ಅವನ ಗಂಟಲು ಕೆರೆಯಷ್ಟು ದೊಡ್ಡದು.

ಬೊಮ್ಮಕ್ಕ ಆಸ್ಥಾನಕ್ಕೆ ಹೋದಳು. ಓಬಯ್ಯ ಹಿಂದೆ ನಿಂತಿದ್ದ.

"ದೊರೆಗಳೇ, ಗಿಡ ನೀರು ಕುಡೀಬೇಕು, ಸರಿ. ಆದರೆ ಇವು ಕುಡಿಯೋದಲ್ಲ, ಕದಿಯೋದು. ಕಿತ್ತು ಹಾಕಿಸಿ."

ಜಲಕಂಠ ನಕ್ಕ. "ಬಾಯಾರಿಕೆ ಕಲಿಸೋ ತಾಯಿ ನೀನೇ ತಾನೆ? ನೀನೇ ಬಾಯಾರಿ ನೋಡು" ಎಂದು ಅಂಗೈಯ ನೀರು ಚಿಮುಕಿಸಿದ. ಬೊಮ್ಮಕ್ಕ ನಿಂತಲ್ಲೇ ನೀಲಿ ಕುಂಡದೊಳಗಿನ ಗಿಡವಾದಳು. "ದಿನಕ್ಕೆ ಮೂರು ಕೊಡ ನೀರು, ಹುಡುಗ. ಒಂದು ಹನಿ ಕಡಿಮೆಯಾದರೂ ನಿನ್ನಕ್ಕ ಸತ್ತಳು ಅಂತ ತಿಳ್ಕೋ."

ದೊರೆ ಹೆದರಿ ಸಿಂಹಾಸನದ ಹಿಂದೆ ಸರಿದ. ಓಬಯ್ಯ ಕುಂಡವನ್ನು ತಬ್ಬಿಕೊಂಡು ಮನೆಗೆ ಬಂದ.

ಮೊದಲ ದಿನ ಗಿಡ ಮೂರು ಕೊಡ ಕುಡಿಯಿತು. ಐದನೆಯ ದಿನ ಹತ್ತು. ಹತ್ತನೆಯ ದಿನ ಮೂವತ್ತು. ತೋಟದ ಬಾವಿಯ ತಳ ಕಂಡಿತು. ಅಕ್ಕನಿಗೆ ಹುಯ್ದರೆ ಉಳಿದ ಹತ್ತು ಸಾವಿರ ಸಸಿಗೂ ಕೇರಿಯ ಜನಕ್ಕೂ ನೀರಿಲ್ಲ. ಹುಯ್ಯದಿದ್ದರೆ ಅಕ್ಕನಿಲ್ಲ. ಓಬಯ್ಯ ಏನೂ ತೋಚದೆ, ತೋಟದವರ ಅಭ್ಯಾಸದಂತೆ, ಕುಂಡದ ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ ನೋಡಿದ. ಕೆಸರು. ಮೂಸಿದ. ಬೇರು ಕೊಳೆಯುತ್ತಿರುವ ವಾಸನೆ.

"ಅಕ್ಕ ಬಾಯಾರಿಲ್ಲ," ಎಂದ. "ಮುಳುಗ್ತಾ ಇದ್ದಾಳೆ."

ಹನಿ ಕಡಿಮೆಯಾದರೆ ಸಾಯುತ್ತಾಳೆ ಎಂದು ಹೇಳಿದವನು ಯಾರು? ನೀರು ಬೇಕಾದವನು. ಓಬಯ್ಯ ಕುಂಡವನ್ನು ಎತ್ತಿ ಕಲ್ಲುಹಾಸಿನ ಮೇಲೆ ಬಿಸಿಲಿಗೆ ಇಟ್ಟ. ಮಣ್ಣು ಇಷ್ಟು ನೆನೆದಿರುವಾಗ ಇದಕ್ಕೆ ಇಪ್ಪತ್ತೊಂದು ದಿನವೂ ಒಂದು ಹನಿ ಬೇಡ ಎಂದುಕೊಂಡ.

ಎದುರುಮನೆಯ ಪುಟ್ಟೀರವ್ವ ಬೇಲಿಯಾಚೆಯಿಂದ ಕೂಗಿದಳು: "ಒಡಹುಟ್ಟಿದವಳನ್ನ ಹಪ್ಪಳದ ಹಾಗೆ ಒಣಗಿಸ್ತೀಯೇನೋ, ಪಾಪಿ!"

"ಇಪ್ಪತ್ತೊಂದು ದಿನ, ಪುಟ್ಟೀರಜ್ಜಿ. ಆಮೇಲೆ ಬಯ್ಯಿ."

ಆರನೆಯ ದಿನ ಮಧ್ಯಾಹ್ನ ಜಲಕಂಠನ ಮಾಯೆಯ ಹಕ್ಕಿ ಬಂತು. ಅದರ ಕೊಕ್ಕಿನಲ್ಲಿ ಒಂದೇ ಒಂದು ಹನಿ, ಹನಿಯೊಳಗೆ ಬೊಮ್ಮಕ್ಕನ ಮುಖ. "ಒಂದು ಗುಟುಕು. ಯಾರು ಲೆಕ್ಕ ಇಡ್ತಾರೆ?" ಎಂದಿತು ಹಕ್ಕಿ. ಗಿಡದ ಎಲೆಗಳೆಲ್ಲ ಜೋತುಬಿದ್ದಿದ್ದವು. ಓಬಯ್ಯನಿಗೆ ತಡೆಯಲಾಗಲಿಲ್ಲ. ಚೆಂಬು ಬಗ್ಗಿಸಿದ. ಬಗ್ಗಿಸಿದ್ದೇ ತಡ, ಗಿಡ ಆಳೆತ್ತರ ಬೆಳೆದು, ಬಾವಿಯಲ್ಲಿ ಉಳಿದಿದ್ದರಲ್ಲಿ ಅರ್ಧವನ್ನು ಒಂದೇ ಉಸಿರಿಗೆ ಹೀರಿತು. ಹಕ್ಕಿ ನಗುತ್ತ ಹಾರಿಹೋಯಿತು.

ಓಬಯ್ಯ ಹಣೆ ಹಣೆ ಬಡಿದುಕೊಂಡ. ಮತ್ತೆ ಒಂದರಿಂದ ಎಣಿಕೆ ಶುರುಮಾಡಿದ.

ಹದಿಮೂರನೆಯ ದಿನ ಮಧ್ಯಾಹ್ನ ನೀರಿನ ಆನೆ ಬಂತು. ಅದರ ಮೈಯೆಲ್ಲ ನೀರು. ಹೊಟ್ಟೆಯೊಳಗೆ ಮೀನು ಈಜುತ್ತಿದ್ದವು. "ನಿನ್ನ ಬಾವಿಯ ನೀರು ಬೇಡ. ನನ್ನದನ್ನೇ ಹುಯ್ತೀನಿ, ಪಕ್ಕಕ್ಕೆ ಸರಿ" ಎಂದು ಸೊಂಡಿಲು ಎತ್ತಿತು. ಈ ಸಲ ಓಬಯ್ಯ ಕುಂಡಕ್ಕೆ ಅಡ್ಡ ನಿಂತ.

"ಅಷ್ಟು ದಾನಬುದ್ಧಿ ಇದ್ದರೆ ಅಲ್ಲಿ ಹುಯ್ಯಪ್ಪ," ಎಂದು ತೋಟ ತೋರಿಸಿದ. ಅಲ್ಲಿ ಸಸಿಗಳ ಸಾಲಿನ ನಡುವೆ ನಾನೂರು ಮಣ್ಣಿನ ಗಡಿಗೆಗಳನ್ನು ಕತ್ತಿನವರೆಗೆ ಹೂತಿದ್ದರು. ಗಡಿಗೆ ಒಳಗಿನ ನೀರನ್ನು ಬೆವರಿನಂತೆ ನಿಧಾನವಾಗಿ ಬೇರಿಗೆ ಬಿಡುತ್ತದೆ; ಒಂದು ಹನಿಯೂ ಬಿಸಿಲಿಗೆ ಸಿಗುವುದಿಲ್ಲ. "ಅಥವಾ ನಿನಗೆ ನಾನೂರು ತುಂಬೋ ತಾಕತ್ತಿಲ್ಲವೋ?"

ಆನೆಗೆ ರೋಷ ಬಂತು. ನೂರು ತುಂಬುವಷ್ಟರಲ್ಲಿ ಎಮ್ಮೆಯಾಯಿತು, ಮುನ್ನೂರು ತುಂಬುವಷ್ಟರಲ್ಲಿ ಆಡಾಯಿತು. ನಾನೂರನೆಯದು ತುಂಬಿದಾಗ ಹೆಗ್ಗಣದಷ್ಟಾಗಿ ಕಲ್ಲುಸಂದಿಯಲ್ಲಿ ನುಸುಳಿ ಓಡಿತು. ಬೇಲಿಯಾಚೆ ಪುಟ್ಟೀರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಇಪ್ಪತ್ತನೆಯ ದಿನ ಮಧ್ಯಾಹ್ನ ಹಕ್ಕಿ ಬರಲಿಲ್ಲ, ಆನೆ ಬರಲಿಲ್ಲ. ಕುಂಡದಿಂದಲೇ ದನಿ ಬಂತು.

"ಓಬಾ... ಗಂಟಲು ಒಣಗ್ತಿದೆ ಕಣೋ. ನಾನು ಹೇಳಿದ್ದೆಲ್ಲ ತಪ್ಪು. ಸಾಯ್ತಾ ಇದ್ದೀನಿ. ಒಂದು ತೊಟ್ಟು."

ಅದು ಬೊಮ್ಮಕ್ಕನದೇ ದನಿ. ದೊಡ್ಡ ಎಲೆಗಳೆಲ್ಲ ಉದುರಿದ್ದವು. ಬರೀ ಕಡ್ಡಿ ನಿಂತಿತ್ತು. ಓಬಯ್ಯನ ಕೈಯಲ್ಲಿ ಚೆಂಬಿತ್ತು. ಇದು ಜಲಕಂಠನ ಮೋಸವೋ, ಅಕ್ಕನ ಕೊನೆಯ ಮಾತೋ, ಅವನಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ.

"ನೀನು ಅಕ್ಕನೇ ಆಗಿದ್ದರೂ ಈಗ ಮಧ್ಯಾಹ್ನ," ಎಂದ. "ಬೆಳಗ್ಗೆ ಕೇಳ್ತೀನಿ."

ಚೆಂಬನ್ನು ದೂರ ಎಸೆದು ಕುಂಡದ ಪಕ್ಕ ಬಿಸಿಲಿನಲ್ಲೇ ಕುಳಿತ. ದನಿ ಅತ್ತಿತು, ಬೈಯಿತು, ಅವನು ಹುಟ್ಟಿದ ದಿನವನ್ನು ಶಪಿಸಿತು. ಅವನೂ ಅತ್ತ. ಆದರೆ ಏಳಲಿಲ್ಲ. ತಾನೂ ಒಂದು ಗುಟುಕು ಕುಡಿಯಲಿಲ್ಲ.

ಬೆಳಕು ಹರಿಯಿತು. ಬರೀ ಕಡ್ಡಿಯಾಗಿದ್ದ ಗಿಡದ ತುದಿಯಲ್ಲಿ ಹೊಸ ಎಲೆಯೊಂದು ಮೂಡಿತ್ತು. ಪುಟ್ಟದು, ದಪ್ಪದು. ನೆಟ್ಟಗೆ ನಿಂತಿತ್ತು.

ಆಗ ಕುಂಡ ಠಳ್ಳೆಂದು ಬಿರಿಯಿತು. ನೀರು ಹುಡುಕುತ್ತ ಹೊರಟ ಬೇರು ಕುಂಡವನ್ನು ಒಡೆದು, ಕಲ್ಲುಹಾಸನ್ನು ಸೀಳಿ, ಏಳಾಳುದ್ದ ಮಣ್ಣಿಗೆ ಇಳಿದು, ನೆಲದಡಿ ಹರಿಯುತ್ತಿದ್ದ ಕದ್ದ ನೀರಿನ ಜಾಡು ಹಿಡಿಯಿತು. ಜಾಡು ಹಿಡಿದು ಹೋಗಿ, ಅರಮನೆಯ ಹಿಂದೆ ಹಾಯಾಗಿ ಮಲಗಿದ್ದ ಜಲಕಂಠನ ಗಂಟಲನ್ನು ಚುಚ್ಚಿತು. ಕೆರೆಯಷ್ಟು ನೀರು ಭೋರ್ಗರೆದು ಹೊರಬಿದ್ದು ಬಾವಿ ಬಾವಿಗೆ ವಾಪಸಾಯಿತು. ಮಾಯಾವಿ ಇದ್ದ ಜಾಗದಲ್ಲಿ ಒಣಗಿದ ತೊಗಲು ಮಾತ್ರ ಉಳಿಯಿತು. ಗಾಳಿ ಅದನ್ನೂ ಒಯ್ದಿತು. ಆನೆಕಿವಿಯ ಎಲೆಗಳೆಲ್ಲ ಕರಗಿ ಮಣ್ಣಿಗೆ ಗೊಬ್ಬರವಾದವು.

ಒಡೆದ ಕುಂಡದ ನಡುವೆ ಬೊಮ್ಮಕ್ಕ ನಿಂತಿದ್ದಳು. ಸೊರಗಿದ್ದಳು, ಆದರೆ ನೆಟ್ಟಗಿದ್ದಳು. ಓಬಯ್ಯ ಕಾಲಿಗೆ ಬಿದ್ದ.

"ಏಳೋ. ಆರನೇ ದಿನ ನೀರು ಹುಯ್ದವನು ನೀನೇ ಅಲ್ವಾ? ನಿನ್ನ ಕರುಳಿನಿಂದ ನಾನು ಆರು ದಿನ ಹೆಚ್ಚಿಗೆ ಬಿಸಿಲಲ್ಲಿ ನಿಂತೆ!" ಎಂದು ಬೈದಳು. ಬೈಯುತ್ತಲೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಆ ದನಿ ನನ್ನದಲ್ಲ, ಓಬ. ನನ್ನದಾಗಿದ್ದರೂ ನೀನು ಮಾಡಿದ್ದೇ ಸರಿ."

ವಾರ ಕಳೆಯುವ ಮೊದಲೇ ದೊರೆ ಹಿರೇಭೂಪ ನೂರು ಗಾಡಿ ಕಟ್ಟಿಸಿಕೊಂಡು ತಾನೇ ತೋಟಕ್ಕೆ ಬಂದ. ತಪ್ಪಾಯಿತೆಂದು ತಲೆಬಾಗಿದ. "ಬೊಮ್ಮಕ್ಕಾ, ರಾಜ್ಯವೆಲ್ಲ ಬೋಳಾಗಿದೆ. ಇರುವ ಸಸಿಗಳನ್ನೆಲ್ಲ ಇವತ್ತೇ ತುಂಬಿಸಿಬಿಡು."

ಬೊಮ್ಮಕ್ಕ ಉತ್ತರಿಸುವ ಮೊದಲೇ ಓಬಯ್ಯ ಮುಂದೆ ಬಂದ.

"ಸಸಿಗಳು ಬಿಸಿಲಿಗೆ ಬಂದು ಹನ್ನೆರಡೇ ದಿನ. ಇನ್ನೂ ಒಂಬತ್ತು ದಿನ ಇದೆ, ದೊರೆಗಳೇ."

ಮಂತ್ರಿ ಗದರಿಸಲು ಬಾಯಿ ತೆರೆದ. ದೊರೆ ಅವನನ್ನು ತಡೆದು, ಎತ್ತುಗಳ ಕೊರಳ ಹಗ್ಗ ಬಿಚ್ಚಿಸಿ, ಬೇವಿನ ಮರದಡಿ ಚಾಪೆ ಹಾಸಿಸಿಕೊಂಡ. ಒಂಬತ್ತು ದಿನ ಕಾದ. ಹತ್ತನೆಯ ದಿನ ಹತ್ತು ಸಾವಿರ ಸಸಿಗಳು ಗಾಡಿ ಹತ್ತಿದವು. ಒಂದೂ ಸಾಯಲಿಲ್ಲ. ಕೆಂಗಲ್ಲುಸೀಮೆಯ ಜನ ಕಡಿಮೆ ನೀರಿನಲ್ಲಿ ದೊಡ್ಡ ನೆರಳು ಬೆಳೆದು, ಆ ನೆರಳಿನಲ್ಲಿ ಉಂಡು ನಕ್ಕು ಬಹುಕಾಲ ಬಾಳಿದರು.